ತಂಗಿಯ ಮಕ್ಕಳು ನಮ್ಮ ಮನೆಗೆ ಬಂದ ಮೇಲೆ: ಡ್ರಗ್ಸ್ ಚಟಕ್ಕೆ ಬಿದ್ದವರ ಮಕ್ಕಳನ್ನು ಸಾಕುವ ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷದ ಹಿಂದೆ ಒಂದು ರಾತ್ರಿ ಹತ್ತೂವರೆಗೆ ನನ್ನ ತಂಗಿಯ ಇಬ್ಬರು ಮಕ್ಕಳು ನಮ್ಮ ಮನೆಗೆ ಬಂದರು. ದೊಡ್ಡವಳಿಗೆ ಏಳು, ಚಿಕ್ಕವನಿಗೆ ಮೂರು. ಇಬ್ಬರಿಗೂ ಸೇರಿ ಒಂದೇ ಸ್ಕೂಲ್ ಬ್ಯಾಗು. ಅದನ್ನು ತುಂಬಿದ್ದು ಏಳು ವರ್ಷದವಳೇ ಅಂತ ಆಮೇಲೆ ಗೊತ್ತಾಯಿತು. ತಮ್ಮನ ಡೈಪರ್, ತಮ್ಮನ ಎರಡು ಅಂಗಿ, ಬಾಲ ಕಿತ್ತುಹೋದ ಅವನ ಬೊಂಬೆ ನಾಯಿ, ಎಲ್ಲ ಇತ್ತು. ತನಗೆ ಅಂತ ಒಂದು ಜೊತೆ ಬಟ್ಟೆಯನ್ನೂ ಇಟ್ಟುಕೊಂಡಿರಲಿಲ್ಲ.

ಆಮೇಲೆ ನಮ್ಮಂಥದ್ದೇ ಮನೆಗಳವರ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುವುದು ಶುರುವಾಯಿತು. ಅಜ್ಜಿಯರು, ತಾತಂದಿರು, ಸೋದರಮಾವಂದಿರು, ಅತ್ತೆಯರು, ತನ್ನ ತಮ್ಮನನ್ನು ತಾನೇ ಸಾಕುತ್ತಿದ್ದ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ. ಮುಖ ಬೇರೆ, ಪ್ರಶ್ನೆ ಅವೇ. ನಾನು ಡಾಕ್ಟರೂ ಅಲ್ಲ, ವಕೀಲಳೂ ಅಲ್ಲ. ಈ ದಾರಿಯಲ್ಲಿ ನಿಮಗಿಂತ ಸ್ವಲ್ಪ ಮುಂದೆ ಎಡವಿದವಳು, ಅಷ್ಟೇ.

“ಸ್ವಲ್ಪ ದಿನ ಇರಲಿ” ಅಂತ ಕರೆದುಕೊಂಡು ಬಂದೆವು. ಎಷ್ಟು ದಿನ ಆಗಬಹುದು?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ನಾವು ಎರಡು ವಾರ ಅಂದುಕೊಂಡಿದ್ದೆವು.

ಡ್ರಗ್ಸ್ ಮೈಯಿಂದ ಇಳಿಯಲು ಕೆಲವು ದಿನ ಅಥವಾ ವಾರ ಸಾಕು. ತಲೆಯಿಂದ ಇಳಿಯಲು ತಿಂಗಳುಗಳು ಬೇಕು, ಎಷ್ಟೋ ಜನರಿಗೆ ವರ್ಷಗಳೇ ಬೇಕು. ಚಿಕಿತ್ಸೆ ಪಡೆದ 100 ಜನರಲ್ಲಿ 40ರಿಂದ 60 ಜನ ಮತ್ತೆ ಬಳಸುತ್ತಾರೆ ಅನ್ನುವುದು ಈ ಕ್ಷೇತ್ರದವರು ಸಾಮಾನ್ಯವಾಗಿ ಕೊಡುವ ಲೆಕ್ಕ. ಬಿಪಿ, ಅಸ್ತಮಾ ಇರುವವರ ಕಾಯಿಲೆ ಮತ್ತೆ ಕೆಡುವ ಲೆಕ್ಕವೂ ಹೆಚ್ಚುಕಮ್ಮಿ ಹೀಗೇ ಇದೆ. ಹಾಗಂತ ಯಾರೂ ಸುಧಾರಿಸುವುದಿಲ್ಲ ಅಂತಲ್ಲ. ತುಂಬಾ ಜನ ಸುಧಾರಿಸುತ್ತಾರೆ, ಆದರೆ ಎದ್ದು ಬಿದ್ದು, ಬಿದ್ದು ಎದ್ದು.

ಮಗುವಿಗೆ ಮಾತ್ರ ತಾರೀಖು ಹೇಳಬೇಡಿ. “ನಿನ್ನ ಹುಟ್ಟುಹಬ್ಬದ ಹೊತ್ತಿಗೆ ಅಮ್ಮ ಬರ್ತಾಳೆ” ಅಂತ ನಾನು ಹೇಳಿಬಿಟ್ಟಿದ್ದೆ. ಆ ದಿನ ಅವಳು ಸಂಜೆ ಆರರವರೆಗೂ ಕಿಟಕಿ ಬಿಟ್ಟು ಏಳಲಿಲ್ಲ. ಕೇಕ್ ಕತ್ತರಿಸಿದ್ದು ಮಾರನೇ ದಿನ.

ಮೊದಲ ವಾರ ಏನು ಮಾಡಬೇಕು?

ಮಲಗಲು ಒಂದು ಜಾಗ ತೋರಿಸಿ. “ಇದು ನಿನ್ನದು” ಅನ್ನಿ. ಹಾಸಿಗೆ ದೊಡ್ಡದಿರಬೇಕು ಅಂತೇನಿಲ್ಲ, ದಿನಾ ಅದೇ ಇರಬೇಕು. ಬಟ್ಟೆ ಇಡಲು ಒಂದು ಖಾನೆ ಖಾಲಿ ಮಾಡಿಕೊಡಿ. ಬ್ಯಾಗಿನಲ್ಲೇ ಬದುಕುವ ಮಗುವಿಗೆ ತಾನು ಯಾವಾಗ ಬೇಕಾದರೂ ಹೊರಡಬೇಕು ಅನಿಸುತ್ತಿರುತ್ತದೆ.

ಡಾಕ್ಟರ ಹತ್ತಿರ ಒಂದು ಸಲ ಪೂರ್ತಿ ತೋರಿಸಿ. ಲಸಿಕೆ ಎಷ್ಟಾಗಿದೆ, ಹಲ್ಲು ಹೇಗಿದೆ, ಕಣ್ಣು, ಕಿವಿ, ತೂಕ. ಚಟದ ಮನೆಯಲ್ಲಿ ಇವೇ ಮೊದಲು ತಪ್ಪಿಹೋಗುವುದು. ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ, ಶಾಲೆಯ ಕಾಗದ ಸಿಗುತ್ತಾ ನೋಡಿ. ಸಿಕ್ಕ ಕೂಡಲೇ ಎರಡು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾವತ್ತು ಬಂದರು, ಯಾರು ಬಿಟ್ಟುಹೋದರು, ಅಪ್ಪ ಅಮ್ಮ ಯಾವಾಗ ಫೋನ್ ಮಾಡಿದರು, ಏನು ಅಂದರು, ನೀವು ಏನು ಖರ್ಚು ಮಾಡಿದಿರಿ, ಎಲ್ಲ ತಾರೀಖು ಹಾಕಿ ಬರೆಯಿರಿ. ಒಂದು ದಿನ ಯಾರಾದರೂ ಅಧಿಕಾರಿ ಕೇಳಿದಾಗ ನಿಮ್ಮ ನೆನಪಿಗಿಂತ ಈ ನೋಟ್‌ಬುಕ್ಕಿಗೆ ಬೆಲೆ ಜಾಸ್ತಿ.

“ಅಮ್ಮ ಎಲ್ಲಿ? ಯಾಕೆ ಬರಲಿಲ್ಲ?” ಅಂತ ಕೇಳಿದರೆ ಏನು ಹೇಳಲಿ?

ನಿಜ ಹೇಳಿ. ಮಗುವಿನ ಕೈಗೆ ಹಿಡಿಯುವಷ್ಟು ನಿಜ.

ನಮ್ಮಲ್ಲಿ ಹೆಚ್ಚಿನವರು ಮೊದಲು ಸುಳ್ಳೇ ಹೇಳುತ್ತೇವೆ. ಕೆಲಸಕ್ಕೆ ಹೋಗಿದ್ದಾಳೆ, ಬೇರೆ ಊರಿಗೆ ಹೋಗಿದ್ದಾಳೆ. ಒಳ್ಳೆಯದಕ್ಕೇ ಅಂದುಕೊಂಡಿರುತ್ತೇವೆ. ಆದರೆ ಮಗು ಆ ಮನೆಯಲ್ಲೇ ಇತ್ತು, ಅಲ್ವಾ? ನಾವು ನೋಡದ್ದನ್ನೂ ಅದು ನೋಡಿರುತ್ತದೆ. ನಾವು ಸುಳ್ಳು ಹೇಳಿದಾಗ ಅದಕ್ಕೆ ಎರಡು ವಿಷಯ ಖಾತ್ರಿಯಾಗುತ್ತದೆ: ಈ ಮಾತನ್ನು ಬಾಯಿ ಬಿಟ್ಟು ಆಡುವ ಹಾಗಿಲ್ಲ, ಮತ್ತು ಇದರಲ್ಲಿ ನನ್ನದೇ ಏನೋ ತಪ್ಪಿದೆ. ಮಕ್ಕಳು ಸುಮ್ಮನಿದ್ದಾಗ ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ನಾಲ್ಕೈದು ವರ್ಷದ ಮಗುವಿಗೆ ಇಷ್ಟು ಸಾಕು: “ಅಮ್ಮನಿಗೆ ಹುಷಾರಿಲ್ಲ. ಅದು ಜ್ವರದ ಥರ ಅಲ್ಲ, ನಿನಗೆ ಅಂಟಲ್ಲ. ಡಾಕ್ಟರು ಮಾತ್ರ ಸಹಾಯ ಮಾಡೋಕೆ ಆಗೋದು. ಅಲ್ಲಿವರೆಗೂ ನಿನ್ನ ಊಟ, ಸ್ನಾನ, ಸ್ಕೂಲು ಎಲ್ಲ ನಾನು ನೋಡ್ಕೋತೀನಿ.” ಎಂಟು ಹತ್ತು ವರ್ಷದವರಿಗೆ ಡ್ರಗ್ಸ್ ಅನ್ನುವ ಪದವನ್ನೇ ಹೇಳಬಹುದು. “ಅಮ್ಮ ಒಂದು ಥರದ ಡ್ರಗ್ಸ್ ತಗೊಳ್ಳೋಕೆ ಶುರು ಮಾಡಿದಳು. ಈಗ ನಿಲ್ಲಿಸಬೇಕು ಅಂದ್ರೂ ಅವಳ ಕೈಲಿ ಆಗ್ತಿಲ್ಲ.” ಹದಿಹರೆಯದವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಅವರ ಹತ್ತಿರ ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಮೇಲು.

ಕುಟುಂಬದವರ ಗುಂಪುಗಳಲ್ಲಿ ಮೂರು ಮಾತು ಓಡಾಡುತ್ತವೆ. ಇದು ನನ್ನಿಂದ ಬಂದಿದ್ದಲ್ಲ. ಇದನ್ನು ಹತೋಟಿಗೆ ತರೋಕೆ ನನ್ನ ಕೈಲಿ ಆಗಲ್ಲ. ಇದನ್ನು ವಾಸಿ ಮಾಡೋಕೂ ನನ್ನ ಕೈಲಿ ಆಗಲ್ಲ. ನಮ್ಮ ದೊಡ್ಡವಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ನಾನು ಅವತ್ತು ಹಾಲು ಚೆಲ್ಲಿದ್ದಕ್ಕೆ ಅಲ್ವಾ?” ಎರಡು ವರ್ಷದಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ಇನ್ನೊಂದು. ಒಂದು ಸಲ ಹೇಳಿದರೆ ಮುಗಿಯುವ ಮಾತಲ್ಲ ಇದು. ಅದೇ ಪ್ರಶ್ನೆ ಐದನೇ ವಯಸ್ಸಿನಲ್ಲಿ ಬರುತ್ತದೆ, ಒಂಬತ್ತರಲ್ಲಿ ಬರುತ್ತದೆ, ಹದಿನಾಲ್ಕರಲ್ಲೂ ಬರುತ್ತದೆ. ಹೆಚ್ಚಾಗಿ ನೀವು ಗಾಡಿ ಓಡಿಸುತ್ತಿರುವಾಗ.

ನಿಜಕ್ಕೂ ಇದು ಕಾಯಿಲೆಯಾ? ನನಗಂತೂ ಕೊಬ್ಬು ಅನಿಸುತ್ತದೆ.

ನನಗೂ ಅನಿಸಿತ್ತು. ಇವತ್ತಿಗೂ ಕೆಲವು ರಾತ್ರಿ ಅನಿಸುತ್ತದೆ.

ಊಟ, ನಿದ್ದೆ, ಮಗುವನ್ನು ಅಪ್ಪಿಕೊಳ್ಳುವುದು ಇವೆಲ್ಲ ಹಿತ ಅನಿಸುವಂತೆ ಮಾಡುವ ಒಂದು ವ್ಯವಸ್ಥೆ ಮೆದುಳಿನಲ್ಲಿದೆ. ಡೋಪಮಿನ್ ಅನ್ನುವ ರಾಸಾಯನಿಕ ಅದರಲ್ಲಿ ಮುಖ್ಯ. ಹೆರಾಯಿನ್, ಮೆಥ್, ಕೊಕೇನ್ ಥರದವು ಅದನ್ನು ಒಮ್ಮೆಲೇ ಉಕ್ಕಿಸಿಬಿಡುತ್ತವೆ. ಪದೇ ಪದೇ ಹೀಗಾದರೆ ಮಾಮೂಲಿ ಖುಷಿಗಳು ಸಪ್ಪೆಯಾಗುತ್ತವೆ. ಹಣೆಯ ಹಿಂದಿನ ಭಾಗ, ಅಂದರೆ “ಬೇಡ, ತಡಿ” ಅಂತ ಹೇಳುವ ಭಾಗ, ಸೋಲುತ್ತಾ ಬರುತ್ತದೆ. ಮೊದಲ ಸಲ ತೆಗೆದುಕೊಂಡಿದ್ದು ಅವರದೇ ಆಯ್ಕೆ ಇರಬಹುದು. ಐನೂರನೇ ಸಲದ್ದನ್ನು ಆಯ್ಕೆ ಅನ್ನುವುದು ಕಷ್ಟ.

ಕಾಯಿಲೆ ಅಂದ ಮಾತ್ರಕ್ಕೆ ಅವರು ಮಾಡಿದ್ದೆಲ್ಲ ಮಾಫಿಯಲ್ಲ. ಮಕ್ಕಳನ್ನು ಎರಡು ದಿನ ಒಬ್ಬರೇ ಬಿಟ್ಟುಹೋಗಿದ್ದು ತಪ್ಪೇ. ಕಾಯಿಲೆ ಅನ್ನುವುದನ್ನೂ ತಪ್ಪು ಅನ್ನುವುದನ್ನೂ ಒಟ್ಟಿಗೇ ಹೇಳಬಹುದು. ಮಗುವಿನ ಎದುರಿಗೆ ಮಾತ್ರ ಅವರನ್ನು ಬೈಯಬೇಡಿ. ಅಮ್ಮ ಕೆಟ್ಟವಳು ಅಂದರೆ, ಅವಳ ಮೂಗೇ ಇರುವ ಮಗು ಕನ್ನಡಿಯಲ್ಲಿ ಏನು ನೋಡಿಕೊಳ್ಳಬೇಕು?

ಮಗು ರಾತ್ರಿ ಎದ್ದು ಓಡಾಡುತ್ತದೆ, ತಿಂಡಿ ಬಚ್ಚಿಡುತ್ತದೆ, ಒಂದಕ್ಕೂ ಅಳುವುದಿಲ್ಲ. ಇದೆಲ್ಲ ಏನು?

ಅದು ಹಳೇ ಮನೆಯಲ್ಲಿ ಕಲಿತ ಕೆಲಸ.

ಬಂದು ಹತ್ತು ದಿನವಾಗಿರಬೇಕು. ರಾತ್ರಿ ಎಚ್ಚರವಾದಾಗ ನನ್ನ ಮೂಗಿನ ಕೆಳಗೆ ಒಂದು ಸಣ್ಣ ಬೆರಳು. ಕತ್ತಲಲ್ಲಿ ದೊಡ್ಡವಳು ಮಂಚದ ಪಕ್ಕ ನಿಂತಿದ್ದಳು. ಬೆರಳು ಅಡ್ಡ ಹಿಡಿದು ಉಸಿರು ಬರುತ್ತಾ ಅಂತ ನೋಡುತ್ತಿದ್ದಳು. ನಾನು ಕಣ್ಣು ಬಿಟ್ಟ ತಕ್ಷಣ “ಏನಿಲ್ಲ ದೊಡ್ಡಮ್ಮ, ಮಲ್ಕೋ” ಅಂದಳು. ನನಗೆ ಆದಮೇಲೆ ನನ್ನ ಗಂಡನಿಗೆ, ಆಮೇಲೆ ತಮ್ಮನಿಗೆ. ಪಾಳಿ ಮುಗಿಸಿದ ನರ್ಸಿನ ಹಾಗೆ ಹೋಗಿ ಮಲಗಿದಳು. ಅಮ್ಮನ ಮನೆಯಲ್ಲಿ ದಿನಾ ಅದೇ ಕೆಲಸ.

ಅವಳನ್ನು ಬೈದಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ ಏನೂ ಉಪಯೋಗ ಇರಲಿಲ್ಲ. ನಾವು ಒಂದು ಒಪ್ಪಂದ ಮಾಡಿಕೊಂಡೆವು. ನಮ್ಮ ಬಾಗಿಲು ಅರ್ಧ ತೆರೆದಿರುತ್ತದೆ, ಸಣ್ಣ ದೀಪ ಉರಿಯುತ್ತಿರುತ್ತದೆ, ಬಾಗಿಲಿನಿಂದಲೇ ನೋಡಬಹುದು. ಕೆಲವು ತಿಂಗಳಲ್ಲಿ ಬೆರಳಿಡುವುದು ನಿಂತು ಬಾಗಿಲವರೆಗೆ ಬಂತು. ಆಮೇಲೆ ಅದೂ ಕಮ್ಮಿಯಾಯಿತು.

ತಿಂಡಿ ಬಚ್ಚಿಡುವ ಮಗುವಿಗೂ ಹೀಗೇ. ದಿಂಬಿನ ಕೆಳಗೆ ಬಿಸ್ಕತ್ತು ಸಿಕ್ಕರೆ ಕಳ್ಳ ಅನ್ನಬೇಡಿ. ಯಾವಾಗ ಬೇಕಾದರೂ ಕೇಳದೇ ತೆಗೆದುಕೊಳ್ಳಬಹುದಾದ ಒಂದು ಡಬ್ಬಿ ಕೊಡಿ. ಅದು ಖಾಲಿಯಾಗದ ಹಾಗೆ ನೋಡಿಕೊಳ್ಳಿ. ತಮ್ಮನಿಗೆ ತಾನೇ ಅಮ್ಮನಾಗಿಬಿಟ್ಟ ಅಕ್ಕನಿಗೆ “ನೀನು ಬಿಡು, ನಾನು ಮಾಡ್ತೀನಿ” ಅಂತ ಒಮ್ಮೆಲೇ ಕೆಲಸ ಕಿತ್ತುಕೊಳ್ಳಬೇಡಿ. ನಾನು ಕಿತ್ತುಕೊಂಡೆ. ಅವಳಿಗೆ ಬಿಡುವು ಸಿಕ್ಕಿತು ಅನಿಸಲಿಲ್ಲ, ತಾನು ಬೇಡವಾದೆ ಅನಿಸಿತು. ತಮ್ಮನಿಗೆ ರಾತ್ರಿ ಕತೆ ಹೇಳುವುದನ್ನು ಅವಳಿಗೇ ಬಿಟ್ಟೆವು, ಊಟ ಮಾಡಿಸುವುದನ್ನು ನಾನು ತೆಗೆದುಕೊಂಡೆ.

ಬಾಲ್ಯದ ಕಷ್ಟಗಳು ದೊಡ್ಡವರಾದ ಮೇಲಿನ ಆರೋಗ್ಯವನ್ನು ಹೇಗೆ ಕಾಡುತ್ತವೆ ಅಂತ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಅವರ ಜೊತೆಯವರು ಅಮೆರಿಕದಲ್ಲಿ ಮಾಡಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಅವರು ಲೆಕ್ಕಕ್ಕೆ ತೆಗೆದುಕೊಂಡ ಕಷ್ಟಗಳಲ್ಲಿ ಮನೆಯಲ್ಲಿ ಕುಡಿತ ಅಥವಾ ಡ್ರಗ್ಸ್ ಇರುವುದೂ ಒಂದು. ಅದನ್ನು ಓದಿ ಹೆದರಿಕೊಳ್ಳುವವರು ಜಾಸ್ತಿ. ಆದರೆ ಅಂಥ ಮಕ್ಕಳ ಬದುಕಿನಲ್ಲಿ ನಂಬಬಹುದಾದ ಒಬ್ಬ ದೊಡ್ಡವರು ಗಟ್ಟಿಯಾಗಿ ನಿಂತರೆ ತುಂಬಾ ವ್ಯತ್ಯಾಸವಾಗುತ್ತದೆ ಅನ್ನುವುದೂ ಅಷ್ಟೇ ಖಚಿತವಾದ ಮಾತು.

ನಿದ್ದೆ, ಊಟ, ಕಲಿಕೆ ತಿಂಗಳುಗಟ್ಟಲೆ ಸರಿಹೋಗದಿದ್ದರೆ, ಮಗು ತನಗೇ ನೋವು ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಮಕ್ಕಳ ಮನೋವೈದ್ಯರ ಅಥವಾ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.

ಆಗ ತಾನೇ ಹುಟ್ಟಿದ ಮಗು ನಮ್ಮ ಕೈಗೆ ಬಂದಿದೆ. ಅದಕ್ಕೂ ಚಟ ಅಂಟಿದೆಯಾ?

ಚಟ ಅಲ್ಲ. ಬಸುರಿಯಲ್ಲಿ ತಾಯಿ ಅಫೀಮು ಜಾತಿಯವನ್ನು, ಅಂದರೆ ಹೆರಾಯಿನ್ ಅಥವಾ ಕೆಲವು ನೋವಿನ ಮಾತ್ರೆಗಳನ್ನು, ತೆಗೆದುಕೊಂಡಿದ್ದರೆ ಮಗುವಿನ ಮೈ ಅದಕ್ಕೆ ಒಗ್ಗಿರುತ್ತದೆ. ಹುಟ್ಟಿದ ಮೇಲೆ ಒಮ್ಮೆಲೇ ನಿಂತಾಗ ಮೈ ನಡುಗುತ್ತದೆ, ಕೀರಲು ದನಿಯಲ್ಲಿ ಅಳುತ್ತದೆ, ಹಾಲು ಸರಿಯಾಗಿ ಎಳೆಯುವುದಿಲ್ಲ. ಇದು ಹೆಚ್ಚಾಗಿ ಮೊದಲ ಒಂದರಿಂದ ಮೂರು ದಿನದಲ್ಲಿ ಕಾಣುತ್ತದೆ, ಕೆಲವು ಔಷಧಿಗಳದ್ದು ವಾರದವರೆಗೂ ತಡವಾಗಬಹುದು. ಹಾಗಾಗಿ ಆಸ್ಪತ್ರೆಯಲ್ಲಿ ಏನನ್ನೂ ಮುಚ್ಚಿಡಬೇಡಿ.

ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಮೂರೇ ಪ್ರಶ್ನೆ ಕೇಳುತ್ತಾರೆ: ಹಾಲು ಕುಡಿಯುತ್ತಿದೆಯಾ, ನಿದ್ದೆ ಮಾಡುತ್ತಿದೆಯಾ, ಎತ್ತಿಕೊಂಡರೆ ಸಮಾಧಾನವಾಗುತ್ತಿದೆಯಾ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಎದೆಗೆ ಒತ್ತಿಕೊಂಡು ಕೂರುವುದು, ಸ್ವಲ್ಪ ಸ್ವಲ್ಪ ಹಾಲು ಆಗಾಗ ಕೊಡುವುದು ಸಹಾಯ ಮಾಡುತ್ತದೆ. ಕೆಲವು ಮಕ್ಕಳಿಗೆ ಔಷಧಿಯೂ ಬೇಕಾಗುತ್ತದೆ. ಮಲಗಿಸುವಾಗ ಯಾವಾಗಲೂ ಅಂಗಾತ. ನಿಮಗೇ ತಲೆ ಕೆಟ್ಟರೆ ಮಗುವನ್ನು ತೊಟ್ಟಿಲಿನಲ್ಲಿ ಮಲಗಿಸಿ ಎರಡು ನಿಮಿಷ ಆಚೆ ಹೋಗಿ. ಎಷ್ಟೇ ಅತ್ತರೂ ಕುಲುಕಬೇಡಿ.

ಅಪ್ಪ ಅಮ್ಮ ಮಗುವನ್ನು ನೋಡಲು ಬರುತ್ತೇವೆ ಅನ್ನುತ್ತಾರೆ. ಬಿಡಬೇಕಾ?

ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಜಗಳ ಆಗುವ ಪ್ರಶ್ನೆ ಇದು. ನನ್ನ ಮಾತು: ಮಗುವಿಗೆ ಅಪಾಯ ಇಲ್ಲದಿದ್ದರೆ, ನ್ಯಾಯಾಲಯದ ತಡೆ ಇಲ್ಲದಿದ್ದರೆ, ಬಿಡಿ. ಆದರೆ ನೀವು ಹಾಕಿದ ಗೆರೆಯೊಳಗೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹೇಳುವುದು ಇದನ್ನೇ. ಬೇರೆಯಾದ ಮಗುವಿಗೆ ಅಪ್ಪ ಅಮ್ಮನ ಜೊತೆ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ, ಅದರಿಂದ ಮಗುವಿಗೇ ಕೆಡುಕಾಗುವ ಹಾಗಿದ್ದರೆ ಮಾತ್ರ ಇಲ್ಲ.

ನಮ್ಮ ಮನೆಯ ಗೆರೆಗಳು ಹೀಗಿದ್ದವು. ನಶೆಯಲ್ಲಿ ಬಂದರೆ ಬಾಗಿಲಿನಿಂದಲೇ ವಾಪಸ್. ಭೇಟಿ ಒಂದು ಗಂಟೆ, ನಾನು ಅದೇ ಕೋಣೆಯಲ್ಲಿ. ಮಕ್ಕಳನ್ನು ಒಬ್ಬಳೇ ಹೊರಗೆ ಕರೆದುಕೊಂಡು ಹೋಗುವ ಹಾಗಿಲ್ಲ. “ಮುಂದಿನ ವಾರ ಕರ್ಕೊಂಡು ಹೋಗ್ತೀನಿ” ಅನ್ನುವ ಥರದ ಮಾತು ಕೊಡುವ ಹಾಗಿಲ್ಲ. ಇವನ್ನು ತಂಗಿ ಹುಷಾರಾಗಿದ್ದ ಒಂದು ದಿನ ಕೂರಿಸಿ ಓದಿ ಹೇಳಿದೆ. ಕಾಗದದ ಮೇಲೆ ಬರೆದಿದ್ದೆ. ಅವಳು ಅತ್ತಳು, ನಾನೂ ಅತ್ತೆ, ಕಾಗದ ಮಾತ್ರ ಫ್ರಿಡ್ಜ್ ಮೇಲೆ ಅಂಟಿತು.

ಬರುತ್ತಾರೆ ಅಂತ ಮಗುವಿಗೆ ಮುಂಚೆ ಹೇಳಬೇಡಿ. ಅವರು ಹೊರಟಿದ್ದೇನೆ ಅಂತ ಫೋನ್ ಮಾಡಿದ ಮೇಲೆ ಹೇಳಿ. ಬಾರದೇ ಇದ್ದರೆ ಸಬೂಬು ಹೇಳಬೇಡಿ. “ಇವತ್ತು ಬರಲಿಲ್ಲ. ನನಗೂ ಬೇಜಾರಾಯ್ತು” ಅಂದರೆ ಸಾಕು.

ಭೇಟಿ ಆದ ಮೇಲಿನ ಎರಡು ದಿನ ಮಗು ರಂಪ ಮಾಡಬಹುದು, ಹಾಸಿಗೆ ಒದ್ದೆ ಮಾಡಬಹುದು, ನಿಮ್ಮನ್ನೇ ಹೊಡೆಯಬಹುದು. ಅದನ್ನು ನೋಡಿ “ಭೇಟಿಯೇ ಬೇಡ” ಅಂತ ತೀರ್ಮಾನಿಸುವವರಿದ್ದಾರೆ. ಬೇಜಾರು ಬೇರೆ, ಭಯ ಬೇರೆ. ಬೇಜಾರಾದ ಮಗು ಅಮ್ಮ ಹೋದ ಮೇಲೆ ಅಳುತ್ತದೆ. ಭಯಪಟ್ಟ ಮಗು ಅಮ್ಮ ಬರುವ ಮುಂಚೆಯೇ ಮಂಚದ ಕೆಳಗೆ ಸೇರುತ್ತದೆ. ಎರಡನೆಯದಾದರೆ ನಿಲ್ಲಿಸಿ, ಕೌನ್ಸೆಲರ್ ಹತ್ತಿರ ಮಾತಾಡಿ.

ದುಡ್ಡು ಕೇಳುತ್ತಾರೆ. ಕೊಡಲಾ?

ನೋಟು ಕೊಡಬೇಡಿ. ಹಸಿವು ಅಂದರೆ ಊಟ ಕೊಡಿ, ಬಾಡಿಗೆ ಅಂದರೆ ಮನೆಯವರಿಗೆ ನೇರವಾಗಿ ಕಟ್ಟಿ, ಚಿಕಿತ್ಸೆ ಅಂದರೆ ಜೊತೆಗೆ ಹೋಗಿ. “ಕೊಡದಿದ್ದರೆ ಮಕ್ಕಳನ್ನು ಕರ್ಕೊಂಡು ಹೋಗ್ತೀನಿ” ಅಂತ ಹೆದರಿಸಿದರೆ ಕಾಗದಪತ್ರದ ಕೆಲಸವನ್ನು ಇನ್ನು ಮುಂದೂಡಬೇಡಿ ಅಂತ ಅರ್ಥ.

ಹಾಗಾದರೆ ಅವರಿಗಾಗಿ ನಾವು ಏನೂ ಮಾಡುವ ಹಾಗಿಲ್ಲವಾ?

ಮಾಡಬಹುದು. ಬೈದು, ಹೆದರಿಸಿ, ಎಲ್ಲರೂ ಸುತ್ತುವರಿದು ಕೂತು ಚಿಕಿತ್ಸೆಗೆ ಒಪ್ಪಿಸುವುದಕ್ಕಿಂತ ಬೇರೆ ದಾರಿ ಇದೆ. ಕ್ರಾಫ್ಟ್ ಅಂತ ಅದಕ್ಕೆ ಹೆಸರು. ಅಮೆರಿಕದ ರಾಬರ್ಟ್ ಮೇಯರ್ಸ್ ಬೆಳೆಸಿದ ವಿಧಾನ. ಇದರಲ್ಲಿ ತರಬೇತಿ ಮನೆಯವರಿಗೆ. ನಶೆ ಇಲ್ಲದಾಗ ಹತ್ತಿರ ಕೂತು ಮಾತಾಡಿಸುವುದು, ನಶೆಯಲ್ಲಿದ್ದಾಗ ಸುಮ್ಮನೆ ಎದ್ದು ಹೋಗುವುದು, ಅವರು ಮಾಡಿದ ಎಡವಟ್ಟನ್ನು ನಾವು ಸರಿಮಾಡದೇ ಬಿಡುವುದು, ಮನಸ್ಸು ಮೆತ್ತಗಾದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು. ನಡೆದ ಅಧ್ಯಯನಗಳಲ್ಲಿ, ಚಿಕಿತ್ಸೆಯೇ ಬೇಡ ಅನ್ನುತ್ತಿದ್ದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹೀಗೆ ಒಪ್ಪಿ ಹೋಗಿದ್ದಾರೆ.

ಒಂದು ಎಚ್ಚರಿಕೆ. ಕೋಣೆಯಲ್ಲಿ ಕೂಡಿಹಾಕಿ ನಿಲ್ಲಿಸುವ ಸಾಹಸ ಬೇಡ. ಕುಡಿತ ಮತ್ತು ಕೆಲವು ನಿದ್ದೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕೈಯಲ್ಲೇ ಆಗಬೇಕಾದ ಕೆಲಸ ಅದು.

ಮೆಥಡೋನ್, ಬ್ಯುಪ್ರೆನಾರ್ಫಿನ್ ಕೊಡುತ್ತಿದ್ದಾರೆ. ಒಂದು ಚಟ ಬಿಟ್ಟು ಇನ್ನೊಂದು ಹಿಡಿದ ಹಾಗಲ್ಲವಾ?

ಅಲ್ಲ. ಇವು ಅಫೀಮು ಜಾತಿಯ ಚಟಕ್ಕೆ ಡಾಕ್ಟರು ಕೊಡುವ ಔಷಧಿಗಳು, ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಸರಿಯಾದ ಡೋಸ್‌ನಲ್ಲಿ ತೆಗೆದುಕೊಂಡವರಿಗೆ ಅಮಲು ಏರುವುದಿಲ್ಲ. ಚಡಪಡಿಕೆ ನಿಲ್ಲುತ್ತದೆ, ಕೆಲಸಕ್ಕೆ ಹೋಗಲು ಆಗುತ್ತದೆ, ಓವರ್‌ಡೋಸ್‌ನಿಂದ ಸಾಯುವ ಸಾಧ್ಯತೆ ಇಳಿಯುತ್ತದೆ. “ಆ ಮಾತ್ರೆನೂ ಬಿಡು” ಅಂತ ಒತ್ತಾಯಿಸುವ ನೆಂಟರಿಂದ ದೊಡ್ಡ ಅನಾಹುತಗಳಾಗಿವೆ.

ಆದರೆ ದೊಡ್ಡವರಿಗೆ ಔಷಧಿಯಾದ ಮೆಥಡೋನ್ ಚಿಕ್ಕ ಮಗುವಿಗೆ ಒಂದೇ ಗುಟುಕಿನಲ್ಲಿ ವಿಷವಾಗಬಹುದು. ಮನೆಯಲ್ಲಿ ಇಡುವುದಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಎತ್ತರದಲ್ಲಿ, ಅದರದೇ ಬಾಟಲಿಯಲ್ಲಿ. ಅಪ್ಪ ಅಮ್ಮ ಭೇಟಿಗೆ ಬಂದಾಗ ಅವರ ಬ್ಯಾಗು, ಜಾಕೆಟ್ಟು ಮಗುವಿನ ಕೈಗೆ ಸಿಗದ ಕಡೆ ಇಡಿ.

ಓವರ್‌ಡೋಸ್ ಆದರೆ ಏನು ಮಾಡಬೇಕು?

ಎಬ್ಬಿಸಿದರೆ ಏಳುವುದಿಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಇವು ಅಫೀಮು ಜಾತಿಯ ಡ್ರಗ್ಸ್ ಹೆಚ್ಚಾದ ಗುರುತು. ಮೊದಲು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ಈ ಜಾತಿಯ ಡ್ರಗ್ಸ್‌ನ ಪ್ರಭಾವ ತಡೆಯುವ ನಲಾಕ್ಸೋನ್ ಅನ್ನುವ ಔಷಧಿ ಇದ್ದರೆ ಕೊಡಿ. ಮೂಗಿಗೆ ಹೊಡೆಯುವ ಸ್ಪ್ರೇ ಕೆಲವೇ ನಿಮಿಷದಲ್ಲಿ ಉಸಿರು ವಾಪಸ್ ತರುತ್ತದೆ. ಓವರ್‌ಡೋಸ್ ಕಣ್ಣಿಗೆ ಬೀಳಬಹುದಾದ ಮನೆಯವರ ಕೈಗೂ ಇದು ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಒಳಗಿರುವ ಡ್ರಗ್ಸ್ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಎದ್ದು ಕೂತರು ಅಂತ ಮನೆಗೆ ಕಳಿಸಬೇಡಿ. ಉಸಿರಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೆಗೇ ಇರಿ.

ಅತಿ ಅಪಾಯದ ಹೊತ್ತು ಯಾವುದು ಗೊತ್ತಾ? ಚಿಕಿತ್ಸೆ ಮುಗಿಸಿ ಅಥವಾ ಜೈಲಿನಿಂದ ಹೊರಗೆ ಬಂದ ಮೊದಲ ಕೆಲವು ವಾರ. ಮೈಗೆ ಹಳೇ ಅಭ್ಯಾಸ ತಪ್ಪಿರುತ್ತದೆ, ಕೈ ಹಳೇ ಡೋಸನ್ನೇ ಅಳೆಯುತ್ತದೆ.

ಅವಳು ಹುಷಾರಾಗಿದ್ದಾಳೆ. ಮಕ್ಕಳನ್ನು ವಾಪಸ್ ಕೊಡಿ ಅಂತಿದ್ದಾಳೆ.

ಒಳ್ಳೆಯ ಸುದ್ದಿಯೇ. ಹೊಟ್ಟೆಯಲ್ಲಿ ಕಲಸಿದ ಹಾಗೂ ಆಗುತ್ತದೆ. ಎರಡೂ ಸಹಜ.

ಒಮ್ಮೆಲೇ ಕಳಿಸಬೇಡಿ. ಮೊದಲು ನೀವಿರುವಾಗ ಒಂದು ಗಂಟೆ, ಆಮೇಲೆ ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ, ವಾರದ ಕೊನೆ. ನಡುವೆ ಎಡವಿದರೆ ಒಂದು ಮೆಟ್ಟಿಲು ಹಿಂದೆ. ಮೂತ್ರ ಪರೀಕ್ಷೆಯೊಂದನ್ನೇ ನೋಡಬೇಡಿ. ಬೆಳಿಗ್ಗೆ ಏಳುತ್ತಾರಾ, ಹೇಳಿದ ಹೊತ್ತಿಗೆ ಬರುತ್ತಾರಾ, ಮಗು ಹಟ ಮಾಡಿದಾಗ ತಾಳಿಕೊಳ್ಳುತ್ತಾರಾ, ನೋಡಿ. ಚಟ ಬಿಟ್ಟವರಲ್ಲಿ ಕೆಲವರಿಗೆ, ತಾವು ಬಿಟ್ಟುಹೋದ ದಿನದ ವಯಸ್ಸಿನಲ್ಲೇ ಮಗು ಇನ್ನೂ ಇದೆ ಅನಿಸುತ್ತಿರುತ್ತದೆ. ನನ್ನ ತಂಗಿ ಒಂಬತ್ತು ವರ್ಷದವಳಿಗೆ ಏಳು ವರ್ಷದ ಅಳತೆಯ ಫ್ರಾಕು ತಂದಿದ್ದಳು. ದೊಡ್ಡವಳು ಏನೂ ಅನ್ನದೇ ಅದನ್ನು ಮಡಚಿ ಇಟ್ಟಳು.

ಮಗುವಿನ ಮಾತನ್ನೂ ಕೇಳಿ. ತೀರ್ಮಾನದ ಭಾರವನ್ನು ಮಾತ್ರ ಅದರ ತಲೆ ಮೇಲೆ ಹಾಕಬೇಡಿ. “ಯಾರ ಹತ್ರ ಇರ್ತೀಯ?” ಅನ್ನುವುದು ಮಗುವಿಗೆ ಕೇಳಬಾರದ ಪ್ರಶ್ನೆ. “ಅಲ್ಲಿ ಹೋದಾಗ ಏನು ಖುಷಿ, ಏನು ಭಯ?” ಅಂತ ಕೇಳಬಹುದು.

ಕಾಗದಪತ್ರ ಬೇಕೇ ಬೇಕಾ? ನಾವು ಮನೆಯವರೇ ತಾನೇ?

ಪ್ರಪಂಚದ ಎಲ್ಲ ಕಡೆ ಹೀಗೆ ನೆಂಟರ ಮನೆಯಲ್ಲಿ ಬೆಳೆಯುವ ಮಕ್ಕಳಲ್ಲಿ ಹೆಚ್ಚಿನವರು ಯಾವ ಕಾಗದವೂ ಇಲ್ಲದೆ ಬೆಳೆಯುತ್ತಾರೆ. ಆಪರೇಷನ್‌ಗೆ ಸಹಿ ಹಾಕಬೇಕಾದ ದಿನದವರೆಗೆ, ಅಥವಾ ನಶೆಯಲ್ಲಿರುವ ಅಪ್ಪ ಶಾಲೆಯ ಗೇಟಿಗೆ ಬಂದು “ನನ್ನ ಮಗು, ಕಳಿಸಿ” ಅನ್ನುವ ದಿನದವರೆಗೆ ತೊಂದರೆ ಗೊತ್ತಾಗುವುದಿಲ್ಲ. ಎರಡನೆಯದು ನಮಗೇ ಆಯಿತು. ಶಾಲೆಯವರು ಕಳಿಸಿಬಿಟ್ಟರು. ಕಾಗದ ಇರಲಿಲ್ಲವಲ್ಲ, ಅವರು ಇನ್ನೇನು ಮಾಡಬೇಕಿತ್ತು ಅಂತ ಆಮೇಲೆ ಸಮಾಧಾನ ಹೇಳಿಕೊಂಡೆವು. ಆ ನಾಲ್ಕು ಗಂಟೆ ಇನ್ನೂ ಮರೆತಿಲ್ಲ.

ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯೊಂದಿದೆ, ಅಪ್ಪ ಅಮ್ಮನಿಂದ ದೂರ ಇರುವ ಮಕ್ಕಳ ಆರೈಕೆಯ ಬಗ್ಗೆ. ನೆಂಟರ ಮನೆಯನ್ನು ಅದು ಗೌರವದಿಂದಲೇ ಕಾಣುತ್ತದೆ. ಜೊತೆಗೆ, ಹೀಗೆ ಸಾಕುವವರು ಸಂಬಂಧಪಟ್ಟ ಇಲಾಖೆಗೆ ತಿಳಿಸುವುದು ಒಳ್ಳೆಯದು, ಆಗ ಸಿಗಬೇಕಾದ ನೆರವು ಸಿಗುತ್ತದೆ ಅನ್ನುತ್ತದೆ. ನಿಯಮ ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿನ ಉಚಿತ ಕಾನೂನು ನೆರವಿನ ಕಚೇರಿಯಲ್ಲಿ ಮೂರು ವಿಷಯ ಕೇಳಿ: ತಾತ್ಕಾಲಿಕ ಒಪ್ಪಿಗೆ ಪತ್ರ ಸಾಕಾ, ಗಾರ್ಡಿಯನ್‌ಷಿಪ್ ಬೇಕಾ, ನೆಂಟರಿಗೆ ಸಹಾಯಧನ ಇದೆಯಾ. ದತ್ತು ಅನ್ನುವುದು ಇವೆರಡಕ್ಕಿಂತ ಬಹಳ ದೊಡ್ಡ ಹೆಜ್ಜೆ, ಆತುರ ಬೇಡ. ಅಪ್ಪ ಅಮ್ಮ ಹುಷಾರಾಗಿರುವ ದಿನ ನೋಡಿ ಸಹಿ ಹಾಕಿಸಿಕೊಳ್ಳಿ. ನಶೆಯಲ್ಲಿ ಹಾಕಿದ ಸಹಿ ನಿಲ್ಲುವುದಿಲ್ಲ, ನ್ಯಾಯವೂ ಅಲ್ಲ.

ಶಾಲೆಗೆ ಹೇಳಬೇಕಾ?

ಒಬ್ಬ ಟೀಚರ್‌ಗೆ ಹೇಳಿ, ಸಾಕು. ಯಾರು ಕರೆದುಕೊಂಡು ಹೋಗಬಹುದು, ಯಾರು ಹೋಗಬಾರದು ಅನ್ನುವುದು ಮಾತ್ರ ಕಚೇರಿಯಲ್ಲಿ ಬರಹದಲ್ಲಿರಲಿ. “ನಿಮ್ಮ ಕುಟುಂಬದ ಚಿತ್ರ ಬರೆಯಿರಿ” ಥರದ ಹೋಂವರ್ಕ್ ಬಂದ ದಿನ ಆ ಟೀಚರ್ ನಿಮ್ಮ ಕಡೆ ಇರುತ್ತಾರೆ.

ನೆಂಟರು, ನೆರೆಹೊರೆಯವರು ಕೇಳಿದರೆ?

“ಮಕ್ಕಳು ನಮ್ಮ ಜೊತೆ ಇದ್ದಾರೆ” ಅಂದರೆ ಮುಗಿಯಿತು. ಮುಂದೆ ಕೆದಕಿದರೆ ಹವಾಮಾನದ ಬಗ್ಗೆ ಮಾತಾಡಿ. ಮಗುವಿಗೂ ಒಂದು ಸಾಲು ಕಲಿಸಿಕೊಡಿ: “ನಾನು ದೊಡ್ಡಮ್ಮನ ಜೊತೆ ಇದ್ದೀನಿ, ಅದು ನಮ್ಮನೆ ವಿಷಯ.” ಗುಟ್ಟು ಬೇರೆ, ಖಾಸಗಿ ಬೇರೆ ಅಂತ ಬಿಡಿಸಿ ಹೇಳಿ. ಗುಟ್ಟನ್ನು ನಾಚಿಕೆಗೆ ಮುಚ್ಚಿಡುತ್ತೇವೆ, ಖಾಸಗಿ ವಿಷಯವನ್ನು ನಮಗೆ ಬೇಕಾದವರ ಹತ್ತಿರ ಹೇಳಿಕೊಳ್ಳುತ್ತೇವೆ.

ನಮ್ಮ ಸ್ವಂತ ಮಕ್ಕಳು ಮುನಿಸಿಕೊಂಡಿದ್ದಾರೆ.

ಮುನಿಸಿಕೊಳ್ಳಲಿ, ಅವರಿಗೂ ಹಕ್ಕಿದೆ. ಅವರ ಕೋಣೆ ಹೋಯಿತು, ಅಮ್ಮನ ಅರ್ಧ ಹೊತ್ತು ಹೋಯಿತು. ನನ್ನ ಮಗ “ಅವರು ತಪ್ಪು ಮಾಡಿದ್ರೆ ಪಾಪ ಅಂತೀಯ, ನಾನು ಮಾಡಿದ್ರೆ ಬೈತೀಯ” ಅಂದ. ಸರಿಯಾಗೇ ಹೇಳಿದ್ದ. ವಾರದಲ್ಲಿ ಒಂದು ಸಂಜೆ ಅವನಿಗೆ ಮಾತ್ರ ಅಂತ ಇಟ್ಟೆ. ಮನೆಯ ನಿಯಮ ಎಲ್ಲರಿಗೂ ಒಂದೇ ಮಾಡಿದೆವು.

ನಾವು ಅಜ್ಜಿ ತಾತ. ಮಗನೇ ಹೀಗಾದ. ಮೊಮ್ಮಗುವನ್ನು ಸಾಕಲು ನಮಗೆ ಯೋಗ್ಯತೆ ಇದೆಯಾ?

ಚಟಕ್ಕೆ ಕಾರಣ ಒಂದಲ್ಲ. ಹುಟ್ಟಿನಿಂದ ಬರುವ ಒಲವು, ಮನಸ್ಸಿನ ಪೆಟ್ಟು, ಗೆಳೆಯರು, ಕೈಗೆ ಸುಲಭವಾಗಿ ಸಿಗುವುದು, ಎಷ್ಟೋ ಸಲ ಡಾಕ್ಟರೇ ಬರೆದುಕೊಟ್ಟ ನೋವಿನ ಮಾತ್ರೆ. ಅದೇ ಮನೆಯಲ್ಲಿ ಬೆಳೆದ ಇನ್ನೊಬ್ಬ ಮಗಳು ಚೆನ್ನಾಗಿದ್ದಾಳೆ, ಅಲ್ವಾ?

ನಿಮ್ಮ ಬಿಪಿ ಮಾತ್ರೆ, ಕಣ್ಣಿನ ತಪಾಸಣೆ ತಪ್ಪಿಸಬೇಡಿ. ನಿಮಗೇನಾದರೂ ಆದರೆ ಮಗು ಯಾರ ಹತ್ತಿರ ಹೋಗಬೇಕು ಅಂತ ಈಗಲೇ ಬರೆದಿಡಿ. ಈ ಮಾತು ಎತ್ತಲು ಎಲ್ಲರೂ ಹಿಂಜರಿಯುತ್ತಾರೆ. ಮಗು ಮಾತ್ರ ಅದನ್ನೇ ಯೋಚಿಸುತ್ತಿರುತ್ತದೆ.

ಅಳು ಬರುತ್ತದೆ, ಸಿಟ್ಟು ಬರುತ್ತದೆ. ಅವಳು ಬದುಕೇ ಇದ್ದಾಳಲ್ಲ, ಯಾಕೆ ಹೀಗೆ?

ಅಮೆರಿಕದ ಪಾಲೀನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ, ಅತ್ತ ಇತ್ತ ಎತ್ತಲೂ ತೀರದ ಅಗಲಿಕೆ. ಮನುಷ್ಯ ಎದುರಿಗೇ ಇದ್ದಾನೆ, ಆದರೆ ಇಲ್ಲ. ಸತ್ತವರಿಗಾದರೆ ಜನ ಬಂದು ಮಾತಾಡಿಸುತ್ತಾರೆ. ಇದಕ್ಕೆ ಯಾರೂ ಬರುವುದಿಲ್ಲ. ಕುಡುಕರ ಮನೆಯವರಿಗಾಗಿ 1951ರಲ್ಲಿ ಆಲ್-ಅನಾನ್, ಅವರ ಹದಿಹರೆಯದ ಮಕ್ಕಳಿಗಾಗಿ 1957ರಲ್ಲಿ ಆಲಟೀನ್ ಶುರುವಾದವು. ಡ್ರಗ್ಸ್ ಬಳಸುವವರ ಮನೆಯವರಿಗೆ ನಾರ್-ಅನಾನ್ ಇದೆ. ಹತ್ತಿರ ಗುಂಪಿಲ್ಲದಿದ್ದರೆ ಆನ್‌ಲೈನ್‌ನಲ್ಲಿ ಸೇರಬಹುದು. ಮೊದಲ ದಿನ ಸುಮ್ನೆ ಕೂತು ಬನ್ನಿ, ಯಾರೂ ಬಲವಂತ ಮಾಡುವುದಿಲ್ಲ.

ಈ ಮಕ್ಕಳಿಗೂ ಮುಂದೆ ಚಟ ಬರುತ್ತಾ?

ಬರಲೇಬೇಕು ಅಂತಿಲ್ಲ. ಚಟಕ್ಕೆ ಬೀಳುವ ಸಾಧ್ಯತೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ವಂಶದಿಂದ ಬರುತ್ತದೆ ಅನ್ನುತ್ತಾರೆ ಸಂಶೋಧಕರು. ಉಳಿದಿದ್ದು ಬೆಳೆಯುವ ರೀತಿ, ಸುತ್ತಲಿನ ಜನ. ಹನ್ನೆರಡು ಹದಿಮೂರರ ಹೊತ್ತಿಗೆ ನೇರವಾಗಿ ಹೇಳಿ: “ನಮ್ಮ ಮನೆತನಕ್ಕೆ ಇದು ಬೇಗ ಹಿಡಿಯುತ್ತೆ. ಬೇರೆಯವರು ಒಂದು ಸಲ ನೋಡಿ ಬಿಟ್ಟುಬಿಡಬಹುದು, ನಿನಗೆ ಅದು ಅಷ್ಟು ಸುಲಭ ಇಲ್ಲದೆ ಇರಬಹುದು.” ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಹೇಳುವ ಹಾಗೆ. ಎಷ್ಟು ತಡವಾಗಿ ಶುರುವಾಗುತ್ತದೋ ಅಪಾಯ ಅಷ್ಟು ಕಮ್ಮಿ. ದಿನಾ ಬಾಯಿ ಮೂಸಿ ನೋಡಬೇಡಿ. “ನೀನೂ ನಿಮ್ಮಪ್ಪನ ಥರಾನೇ” ಅನ್ನುವ ಮಾತಂತೂ ಎಂಥ ಸಿಟ್ಟಿನಲ್ಲೂ ಬಾಯಿಗೆ ಬರಬಾರದು.

ಮಗು ನನ್ನನ್ನು “ಅಮ್ಮ” ಅನ್ನುತ್ತದೆ. ತಿದ್ದಬೇಕಾ?

ತಿದ್ದಲೂ ಬೇಡಿ, ಕಲಿಸಲೂ ಬೇಡಿ. ನಮ್ಮ ಚಿಕ್ಕವನು ಮೂರರಲ್ಲಿ ಬಂದವನು, ನನ್ನನ್ನು ಅಮ್ಮ ಅನ್ನುತ್ತಾನೆ. ತಂಗಿಯನ್ನೂ ಅಮ್ಮ ಅನ್ನುತ್ತಾನೆ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ಅವನು ಕರೆದರೆ ಇಬ್ಬರೂ ತಿರುಗುತ್ತೇವೆ. ಮೊದಮೊದಲು ತಂಗಿಯ ಮುಖ ಬಾಡುತ್ತಿತ್ತು. ದೊಡ್ಡವಳಿಗೆ ನಾನು ಇವತ್ತಿಗೂ ದೊಡ್ಡಮ್ಮನೇ. ಫೋನಿನಲ್ಲಿ ಮಾತ್ರ ನನ್ನ ನಂಬರನ್ನು “ಮನೆ” ಅಂತ ಇಟ್ಟುಕೊಂಡಿದ್ದಾಳೆ.

ನಿಮ್ಮ ಮನೆಯಲ್ಲಿ ಈಗ ಹೇಗಿದೆ?

ತಂಗಿ ಡ್ರಗ್ಸ್ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಇದು ಅವಳ ನಾಲ್ಕನೇ ಪ್ರಯತ್ನ. ಭಾನುವಾರ ಬರುತ್ತಾಳೆ, ಸಂಜೆ ಹೋಗುತ್ತಾಳೆ. ಮಕ್ಕಳು ಇ‌ನ್ನೂ ಇಲ್ಲೇ ಇದ್ದಾರೆ. ದೊಡ್ಡವಳಿಗೆ ಈಗ ಹದಿಮೂರು. ಹಿಂದಿನ ಭಾನುವಾರ ಊಟವಾದ ಮೇಲೆ ತಂಗಿ ಸೋಫಾದ ಮೇಲೇ ನಿದ್ದೆ ಹೋದಳು. ದೊಡ್ಡವಳು ಪುಸ್ತಕ ಕೆಳಗಿಟ್ಟು ಹತ್ತಿರ ಹೋಗಿ ಬಗ್ಗಿದಳು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ, ಅಮ್ಮನ ಕನ್ನಡಕ ತೆಗೆದು ಪಕ್ಕಕ್ಕಿಟ್ಟು ವಾಪಸ್ ಬಂದು ಓದಲು ಕೂತಳು.